ಎರಡನೆಯ ಬೀಗ

ಭಾನುವಾರ, ಮಾರ್ಚ್ ೨

ಅತ್ತಿಗೆಗೆ ನಿಮ್ಮ ಮೈದುನನ ನಮಸ್ಕಾರ.

ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಬೈಯಿರಿ, ಬೈಸಿಕೊಳ್ಳುತ್ತೇನೆ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಗದವನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ, ಒಂದು ಸಲ ಬಟ್ಟೆಯ ಜೊತೆ ಒಗೆದೂ ಆಯಿತು. ನೀವು ಕೇಳಿದ್ದು ಮಾತ್ರ ಅಳಿಸಿಹೋಗಿಲ್ಲ: ಹದಿನಾಲ್ಕನೇ ತಾರೀಖು ಕಂಪನಿಯವರು ನಿಮ್ಮನ್ನು ವೇದಿಕೆಗೆ ಕರೆದಿದ್ದಾರೆ, ಬರಲೋ ಬೇಡವೋ ಎಂದು.

ಪುಟ್ಟಿ ಲೆಕ್ಕದಲ್ಲಿ ಕ್ಲಾಸಿಗೇ ಮೊದಲು ಬಂದಳೆಂದು ಓದಿ ಸಂತೋಷವಾಯಿತು ಎಂದು ಬರೆಯಬೇಕು. ಆಗಿರಬೇಕು. ಈಚೆಗೆ ಏನಾಯಿತು, ಏನಾಗಲಿಲ್ಲ ಎಂದು ನನಗೇ ತಿಳಿಯುವುದಿಲ್ಲ. ಊಟಕ್ಕೆ ಉಪ್ಪು ಹಾಕಲು ಮರೆತೆ ಎಂದು ನನ್ನ ಹೆಂಡತಿ ಓಡಿಬರುವಷ್ಟರಲ್ಲಿ ನಾನು ತಟ್ಟೆ ಖಾಲಿ ಮಾಡಿರುತ್ತೇನೆ.

ಅಣ್ಣ ಹೋದಮೇಲೆ ನಾನು ಲಿಫ್ಟ್ ರಿಪೇರಿಗೆ ಹೋಗಿಲ್ಲ. ಕಂಪನಿ ನನ್ನನ್ನು ಸುರಕ್ಷತೆಯ ಭಾಷಣಕ್ಕೆ ಹಚ್ಚಿದೆ, ಅಣ್ಣ ಹೋದ ಕಥೆಯನ್ನು ಕೆಲಸದವರಿಗೆ ಹೇಳುವುದಕ್ಕೆ. ಕಲಿಸುವ ಮೇಡಂ ಒಬ್ಬರಿದ್ದಾರೆ, ಒಳ್ಳೆಯವರೇ. ಮೊದಲ ದಿನ ಬೋರ್ಡಿನ ಮೇಲೆ ದೊಡ್ಡ ಸೊನ್ನೆ ಬರೆದು, ಅದರ ಸುತ್ತ ಮನೆಗಳನ್ನು ಹಾಕಿದರು. ಕಥಾನಾಯಕ ತನ್ನ ಪಾಡಿಗೆ ತಾನಿರುತ್ತಾನೆ, ಒಂದು ಕರೆ ಬರುತ್ತದೆ, ಒಲ್ಲೆ ಎನ್ನುತ್ತಾನೆ, ಗುರು ಸಿಗುತ್ತಾನೆ, ಹೊಸ್ತಿಲು ದಾಟುತ್ತಾನೆ, ಸಾವಿನ ಬಾಯಿಗೆ ಹೋಗಿ ಬರುತ್ತಾನೆ, ಮರಳುವಾಗ ಎಲ್ಲರಿಗೂ ಬೇಕಾದ ಒಂದು ವಸ್ತು ತರುತ್ತಾನೆ. ಲೋಕದ ಕಥೆಗಳೆಲ್ಲ ಹೀಗೇ ಸುತ್ತುತ್ತವಂತೆ. ಮನುಷ್ಯ ಬೆಳೆಯುವುದೂ ಹೀಗೇ ಅಂತೆ.

ಅಣ್ಣನನ್ನು ಗುರುವಿನ ಮನೆಯಲ್ಲಿ ಕೂರಿಸಿದರು. ಅದೇನೋ ನಿಜವೇ. ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವರು ಅವರು. ಆಮೇಲೆ ಮೇಡಂ ಪೆನ್ನಿನ ಮುಚ್ಚಳ ಹಾಕುತ್ತ, "ಗುರು ನಡುದಾರೀಲಿ ಹೋಗ್ಲೇಬೇಕು. ಆಗಲೇ ನಾಯಕ ಬೆಳೆಯೋದು" ಅಂದರು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ.

ಒಲ್ಲೆ ಎನ್ನುವ ಮನೆಗೆ ಏನಾದರೂ ಇದೆಯೇ ಎಂದು ಕೇಳಿದರು. ಇತ್ತಲ್ಲ. ಲಿಫ್ಟಿನ ಕೆಳಗಿನ ಗುಂಡಿಗೆ ಅವತ್ತು ಇಳಿಯಬೇಕಾದವನು ನಾನು. ಲಿಫ್ಟು ನಿಲ್ಲಿಸುವ ಅಲ್ಲಿನ ಸ್ವಿಚ್ ಕೆಟ್ಟಿತ್ತು, ಬದಲಾಯಿಸಬೇಕಿತ್ತು. ಒಳಗೆ ನೀರು ನಿಂತಿತ್ತು, ನನ್ನ ಕಾಲಲ್ಲಿ ಹೊಸ ಶೂ. ಇಳಿಯಲ್ಲ ಎಂದೆ. ಅಣ್ಣ ನಕ್ಕು ಪ್ಯಾಂಟು ಮಡಚಿ ತಾವೇ ಇಳಿದರು. ಇಷ್ಟು ನಿಮಗೂ ಗೊತ್ತು. ಸಾವಿನ ಮನೆಯಲ್ಲೂ ನೀವು ಅವರ ಹಣೆಬರಹ ಎಂದು ನನ್ನನ್ನೇ ಸಮಾಧಾನ ಮಾಡಿದ್ದಿರಿ. ಮೇಡಮ್ಮಿಗೆ ಶೂ ತುಂಬ ಹಿಡಿಸಿತು. ಅವರ ಚಕ್ರದಲ್ಲಿ ಒಲ್ಲೆ ಎಂದವನು ಮುಂದಿನ ಮನೆಯಲ್ಲಿ ಹೊರಟೇ ಬಿಡುತ್ತಾನೆ. ನಾನು ಹೊರಡಲಿಲ್ಲ. ಅವರು ಅದನ್ನು ಕೇಳಲಿಲ್ಲ.

ಕೊನೆಯ ಮಾತು ಬೇಕು ಎಂದರು. ಅಂಥದ್ದೇನೂ ಇಲ್ಲ ಎಂದೆ. ಸಾಮಾನ್ಯವಾಗಿ ಏನು ಹೇಳುತ್ತಿದ್ದರು ಎಂದು ಕೇಳಿದರು. ನಮ್ಮ ಕೆಲಸದಲ್ಲಿ ಗುಂಡಿಗೆ ಇಳಿಯುವವನು ಮೇಲಿನ ಮೋಟಾರು ಕೋಣೆಯಲ್ಲಿ ಕರೆಂಟು ತೆಗೆದು, ಅಲ್ಲಿನ ಮೇನ್ ಸ್ವಿಚ್ಚಿಗೆ ತನ್ನ ಬೀಗ ಹಾಕುತ್ತಾನೆ. ಅವನ ಬೀಗವನ್ನು ಅವನೇ ತೆಗೆಯಬೇಕು, ಬೇರೆಯವರು ಮುಟ್ಟಕೂಡದು. "ನಿನ್ನ ಬೀಗ, ನಿನ್ನ ಜೀವ" ಅನ್ನುತ್ತಿದ್ದರು ಅಣ್ಣ. ಅದನ್ನೇ ಕೊನೆಯ ಮಾತು ಮಾಡಿದರು. ನನ್ನ ಚೀಲದಲ್ಲಿದ್ದ ಬೀಗ ನೋಡಿ ಅವರದೇ ತಾನೇ ಎಂದರು, ಅದಕ್ಕೂ ತಲೆಯಾಡಿಸಿದೆ. ನಾಯಕ ಮರಳಿ ತರುವ ವಸ್ತು ಅದಾಯಿತು.

ಅಣ್ಣ ನಿಜವಾಗಿ ಕೊನೆಗೆ ಹೇಳಿದ್ದು, "ಮೇಲಿಂದ ಒರೆಸೋ ಬಟ್ಟೆ ತಗೊಂಬಾರೋ" ಎಂದು.

ಇದುವರೆಗೆ ಹತ್ತೊಂಬತ್ತು ಸಲ ಹೇಳಿದ್ದೇನೆ. ಬೀಗವಿಲ್ಲದ ಹಳೆಯ ಮೇನ್ ಸ್ವಿಚ್ಚು ತಾನಾಗಿ ಕೂಡಿಕೊಂಡು ಲಿಫ್ಟು ಇಳಿಯಿತು ಎನ್ನುವಲ್ಲಿ ಮೂರು ಉಸಿರಿನಷ್ಟು ನಿಲ್ಲಬೇಕು. ಅಣ್ಣನನ್ನು ಎಳೆಯುವಾಗ ಕುಯ್ದುಕೊಂಡ ಕೈಯನ್ನು ಎತ್ತಿ ತೋರಿಸಬೇಕು. ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಸಭೆಯ ಫ್ಯಾನುಗಳನ್ನು ಎಣಿಸುತ್ತಿರುತ್ತೇನೆ. ಮನೆಯಲ್ಲೂ ಮಾತಿನ ಮಧ್ಯೆ ಹಾಗೇ ನಿಲ್ಲುತ್ತೇನಂತೆ. "ಇಲ್ಲಿ ಯಾರೂ ಚಪ್ಪಾಳೆ ಹೊಡೆಯಲ್ಲ, ಮುಂದಕ್ಕೆ ಹೇಳಿ" ಅನ್ನುತ್ತಾಳೆ ಇವಳು.

ಹದಿನಾಲ್ಕರಂದು ಹೊಸಬರು ಇಪ್ಪತ್ತು ಜನ ಬರುತ್ತಾರೆ. ಆ ಬೀಗವನ್ನು ನಾನು ನಿಮ್ಮ ಕೈಗೆ ಕೊಡಬೇಕು, ನೀವು ಅವರಲ್ಲೊಬ್ಬನಿಗೆ ಕೊಡಬೇಕು. ಹಾಗೆ ಮಾಡಿದರೆ ಚಕ್ರ ಪೂರ್ತಿಯಾಗುತ್ತದೆ ಎಂದು ಮೇಡಂ ಹೇಳಿದ್ದಾರೆ.

ಬನ್ನಿ ಎನ್ನಲು ಬಾಯಿ ಬರುತ್ತಿಲ್ಲ. ಪುಟ್ಟಿ ಚೆನ್ನಾಗಿ ಓದಲಿ, ನಿಮ್ಮ ಮಂಡಿನೋವು ಕಡಿಮೆಯಾಗಲಿ. ನನಗೆ ಆಶೀರ್ವಾದ ಮಾಡಿ ಎಂದು ಈ ಸಲ ಕೇಳುವುದಿಲ್ಲ.

ಇಂತಿ,
ನಿಮ್ಮ ಮೈದುನ

ಮ.ವಿ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಾನೇ ಇಳಿಯುವವನೆಂದು ಅವತ್ತು ಬೆಳಿಗ್ಗೆ ನನ್ನ ಬೀಗ ಹಾಕಿ ಬಂದಿದ್ದೆ. ನಾನು ಒಲ್ಲೆ ಎಂದಾಗ ಅಣ್ಣ ತಮ್ಮದನ್ನು ಹಾಕಲು ಏಳು ಮಹಡಿ ಹತ್ತಲಿಲ್ಲ. "ನಿಂದು ಇದೆಯಲ್ಲ, ಎರಡೆರಡು ಯಾಕೆ" ಅಂದರು. ಬಟ್ಟೆ ತರಲು ಮೇಲೆ ಹೋದೆ. ಅದು ಮೇನ್ ಸ್ವಿಚ್ಚಿನ ಪಕ್ಕದ ಮೊಳೆಯಲ್ಲಿತ್ತು. ಹನ್ನೊಂದು ವರ್ಷ ಗುಂಡಿಯಿಂದ ಹತ್ತಿ ಬಂದು ಬೀಗ ತೆಗೆದು ಕರೆಂಟು ಕೊಟ್ಟ ಕೈ ಇದು. ನಾನು ಹೊರಗಿದ್ದೆನಲ್ಲ, ಅವತ್ತೂ ಬೀಗ ತೆಗೆಯಿತು, ಕರೆಂಟು ಕೊಟ್ಟಿತು. ಕರೆಂಟು ಬಂದೊಡನೆ ಲಿಫ್ಟು ಮೊದಲು ಕೆಳಕ್ಕೇ ಇಳಿಯುತ್ತದೆ. ಸ್ವಿಚ್ಚು ತಾನಾಗಿ ಕೂಡಿಕೊಳ್ಳಲಿಲ್ಲ, ಅತ್ತಿಗೆ. ವರದಿಯಲ್ಲಿ ಹಾಗೆ ಬರೆದ ಕಂಪನಿಯವರು ನನ್ನನ್ನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ವೇದಿಕೆಯ ಮೇಲೆ ನಾನು ತೋರಿಸುವುದು ನನ್ನ ಬೀಗ. ಅಣ್ಣನದು ನಿಮ್ಮ ಮನೆಯಲ್ಲೇ ಇದೆ. ಅವರ ಚೀಲ ಕಳಿಸಿದ್ದೆನಲ್ಲ, ಅದರ ಪಕ್ಕದ ಜೇಬಿನಲ್ಲಿ, ಕೀಲಿಯ ಸಮೇತ.