ಐವತ್ತೈದು ನಿಮಿಷ

ಪ್ರೀತಿಯ ಅಕ್ಕ,

ಈಗ ಸಂಜೆ ಆರೂವರೆ. ಬೆಳಿಗ್ಗೆ ನಮ್ಮ ಓಟದ ಕ್ಲಬ್ಬಿನ ಚಳಿಗಾಲದ ಓಟ ಇತ್ತು. ಮಧ್ಯಾಹ್ನ ಬಂದು ಮಲಗಲು ನೋಡಿದೆ, ನಿದ್ದೆ ಹತ್ತಲಿಲ್ಲ. ನೀನಿಲ್ಲದ ಮೊದಲ ಓಟ. ಹೋಗುವುದೇ ಬೇಡವೆಂದಿದ್ದೆ. ಭಾವ ಬಂದು, "ಮನೇಲಿ ಕೂತು ಗೋಡೆ ನೋಡ್ತೀಯಾ? ಎದ್ದು ಹೋಗು" ಎಂದು ಗದರಿಸಿ ಕಳಿಸಿದರು.

ಎಲ್ಲರೂ ಬಣ್ಣದ ಕಾಗದದ ಟೋಪಿ ಹಾಕಿಕೊಂಡು ಬಂದಿದ್ದರು. ಗೆಲ್ಲುವ ಅವಕಾಶ ಎಲ್ಲರಿಗೂ ಸಿಗಲೆಂದು, ಹಿಂದಿನ ಓಟದ ಸಮಯ ನೋಡಿ, ನಿಧಾನದವರನ್ನು ಮೊದಲು, ಚುರುಕಿನವರನ್ನು ಕೊನೆಗೆ ಬಿಡುವ ಈ ಓಟವನ್ನು ನೀನು "ದೇವರಿಗಿಂತ ನ್ಯಾಯ ಇದರಲ್ಲೇ ಜಾಸ್ತಿ" ಎನ್ನುತ್ತಿದ್ದೆ. ಎಲ್ಲರ ಸಮಯ ಬರೆದಿಡುವ ಗಡಿಯಾರ ರಿಪೇರಿ ಮಾಮ ಪುಸ್ತಕ ಬಿಚ್ಚಿ, "ಲಾಂಡ್ರಿ ಹುಡುಗಿ, ಐವತ್ತೈದು! ಮೊದ್ಲು ನೀನೇ ಹೊರಡು" ಎಂದರು.

ಆರು ಕಿಲೋಮೀಟರಿಗೆ ನನಗೆ ನಲವತ್ತು ನಿಮಿಷ ಸಾಕು. ಐವತ್ತೈದು ಎಂದು ಬರೆದದ್ದು ಬೇಸಿಗೆಯಲ್ಲಿ, ನಿನ್ನ ಕೊನೆಯ ಓಟದ ದಿನ.

ಅವತ್ತು ನೀರಿನ ಟ್ಯಾಂಕಿನ ಏರಿನಲ್ಲಿ ನೀನು ನಿಂತುಬಿಟ್ಟೆ. "ಸ್ವಲ್ಪ ತಾಳೇ, ಉಸಿರು ಸಿಗ್ತಿಲ್ಲ" ಎಂದೆ. ಯಾವಾಗಲೂ ನನ್ನನ್ನು ಹಿಂದೆ ಹಾಕಿ ಹೋಗುವವಳು! ನಾನು ನಿನ್ನ ಜೊತೆ ನಡೆದದ್ದೇನೋ ನಿಜ, ಆದರೆ ಮುಖ ಗಂಟು ಹಾಕಿಕೊಂಡು ನಡೆದೆ. ಗೆರೆ ದಾಟಿದ ಮೇಲೆ ಎಲ್ಲರೆದುರು, "ನಿನ್ನಿಂದ ನನ್ನ ಟೈಮೂ ಹಾಳಾಯ್ತು" ಎಂದುಬಿಟ್ಟೆ. ನೀನು ನಕ್ಕೆ. ಮೂರು ವಾರಕ್ಕೆ ಡಾಕ್ಟರು ನಿನ್ನ ಶ್ವಾಸಕೋಶದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಆಸ್ಪತ್ರೆಯಲ್ಲಿ ಎರಡು ತಿಂಗಳು ನಿನ್ನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಕ್ಷಮೆ ಕೇಳಲು ದಿನಕ್ಕೆ ಹತ್ತು ಸಲ ಬಾಯಿ ತೆರೆದು, ಪ್ರತಿ ಸಲವೂ "ಕಿತ್ತಳೆ ಸುಲಿದು ಕೊಡ್ಲಾ?" ಎಂದೆ.

ಇವತ್ತು ಹೊರಡುವಾಗಲೇ ಅದು ನನ್ನ ಸಮಯವಲ್ಲ ಎನ್ನಬೇಕಿತ್ತು. ಬಗ್ಗಿ ಶೂ ಲೇಸು ಕಟ್ಟಿಕೊಂಡೆ. ಮಾಮ ಸೀಟಿ ಊದಿದರು, ಕಾಲು ಓಡಿತು. ಹಿಂದಿನಿಂದ ಹೆಜ್ಜೆ ಸದ್ದು ಬರುತ್ತದೇನೋ ಎಂದು ದಾರಿಯುದ್ದಕ್ಕೂ ಕಿವಿಗೊಟ್ಟೆ. ಟ್ಯಾಂಕಿನ ಏರಿನಲ್ಲಿ ಬೇಕೆಂದೇ ನಡೆದೆ. ಆಗಲೂ ಯಾರೂ ಬರಲಿಲ್ಲ. ನಾನು ಗೆರೆ ದಾಟಿ ಹನ್ನೊಂದು ನಿಮಿಷದ ಮೇಲೆ ಬಸ್ ಕಂಡಕ್ಟರಮ್ಮ ಏದುಸಿರು ಬಿಡುತ್ತಾ ಬಂದರು.

"ಕಳ್ಳೀ! ಬೇಸಿಗೇಲಿ ಬೇಕಂತ್ಲೇ ಕುಂಟಿದ್ದಾ ನೀನು? ನಾನು ವರ್ಷಪೂರ್ತಿ ಓಡಿ ಸೊರಗಿದ್ದು ಇದಕ್ಕಾ?" ಎಂದು ಬೆನ್ನಿಗೆ ಗುದ್ದಿದರು. ಎಲ್ಲರೂ ನಕ್ಕರು. ಬಹುಮಾನದ ಹಣ್ಣಿನ ಬುಟ್ಟಿ ನನ್ನ ಕೈಗೆ ಬಂತು. ನಾನೂ ನಗಲು ಹೋಗಿ ಅತ್ತುಬಿಟ್ಟೆ.

"ಅದು ನನ್ನ ಟೈಮಲ್ಲ. ಅಕ್ಕನ ಜೊತೆ ನಡೆದಿದ್ದು. ಅವಳಿಗೆ ಉಸಿರು ಕಟ್ತಿತ್ತು, ನಾನು ಅವಳನ್ನೇ ಬೈದೆ" ಎಂದೆ. ಬೈದದ್ದೂ ಎಲ್ಲರೆದುರೇ ತಾನೆ. ಬುಟ್ಟಿಯನ್ನು ಕಂಡಕ್ಟರಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ನೆಲದ ಮೇಲಿಟ್ಟು, ತಮ್ಮ ಟೋಪಿಯಿಂದಲೇ ನನ್ನ ಮುಖ ಒರೆಸಲು ಬಂದರು. ಕಾಗದದ್ದು, ಬಣ್ಣವೆಲ್ಲ ಕೆನ್ನೆಗೆ ಹತ್ತಿತು.

ಮಾಮ ಪುಸ್ತಕ, ಪೆನ್ನು ಹಿಡಿದು ಬಂದರು. "ತಪ್ಪು ನಂದೇ ಕಣಮ್ಮಾ. ಪುಸ್ತಕ ನೋಡಿದೆ, ನಿನ್ನ ನೋಡ್ಲಿಲ್ಲ. ಹೊಡೆದು ಹಾಕ್ಲಾ?" ಎಂದರು. ಇಣುಕಿ ನೋಡಿದೆ. ನನ್ನ ಹೆಸರಿನ ಮೇಲಿನ ಸಾಲಿನಲ್ಲೇ ನೀನಿದ್ದೆ. ನಿನಗೂ ಐವತ್ತೈದು. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಟ್ಟಿಗೆ ಗೆರೆ ದಾಟಿದ್ದು ಅದೊಂದೇ ಸಲ.

"ಬೇಡ ಮಾಮ, ಇರ್ಲಿ" ಎಂದೆ.

ಅದು ಹಾಳಾದ ಸಮಯವಲ್ಲ ಅಕ್ಕ. ನಿನಗೆ ಹೇಳಲು ತಡವಾಯಿತು, ಕ್ಷಮಿಸು. ಎಲ್ಲಿದ್ದರೂ ನಿನಗೆ ಉಸಿರು ಸಲೀಸಾಗಿ ಆಡಲಿ.

ನಾಳೆ ಸೋಮವಾರ. ಎಂಟಕ್ಕೆ ಲಾಂಡ್ರಿ ಬಾಗಿಲು ತೆಗೆಯಬೇಕು, ಲಾಡ್ಜಿನವರ ಹಾಸಿಗೆ ಬಟ್ಟೆ ಬರುತ್ತದೆ.

ನಿನ್ನ ತಂಗಿ