ಟೆರೇಸಿನಿಂದ ಉತ್ತರ ಬರಲಿಲ್ಲ

ಅವ್ವಾ,

ಹಳೆಯ ಟಿವಿ ಇದ್ದಾಗ ಅಪ್ಪ ಟೆರೇಸಿನಲ್ಲಿ ಆಂಟೆನಾ ತಿರುಗಿಸುತ್ತಿದ್ದ, ನೀನು ಕಿಟಕಿಯಲ್ಲಿ ನಿಂತು ಕೂಗುತ್ತಿದ್ದೆ. "ಇನ್ನೂ ಚುಕ್ಕಿ ಅದಾವ್ರಿ… ಸ್ವಲ್ಪ ಬಲಕ್ಕ… ಹಾಂ, ಬಂತ್ರಿ." ಕೆಂಪಾಪುರದ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ನೀನು ಹೋದ ಮೇಲೆ ಮೊದಲ ಸಲ, ಮೊನ್ನೆ ಭಾನುವಾರ, ಆ ಕಿಟಕಿಯಲ್ಲಿ ನಾನು ನಿಂತಿದ್ದೆ. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಸಿಕ್ಕ ಕರಪತ್ರವನ್ನೆಲ್ಲ ಓದಿ ಊಟದ ಹೊತ್ತಿಗೆ ನಾನು ಮಾಡುತ್ತಿದ್ದ ಭಾಷಣ ನಿನಗೆ ಗೊತ್ತಲ್ಲ. ಈ ಸಲ ಕೇಬಲ್ಲಿನ ಸರದಿ. ಗಾಳಿಯಲ್ಲಿ ಬರುವ ಅಲೆಗಳು ಜನರ ಸ್ವತ್ತು, ನಮ್ಮ ಸ್ವತ್ತಿಗೆ ನಾವೇಕೆ ಬಾಡಿಗೆ ಕಟ್ಟಬೇಕು ಎಂದೆ. "ನಮ್ಮ ಲೀಡರ್ ಹೇಳ್ಯಾಳ ಅಂದಮ್ಯಾಲ ಮುಗೀತು," ಎಂದು ಅಪ್ಪ ನಕ್ಕು ಹೊಸ ಆಂಟೆನಾ ತಂದೇಬಿಟ್ಟ. ಅದನ್ನು ಉದ್ದನೆಯ ಅಲ್ಯೂಮಿನಿಯಂ ಪೈಪಿಗೆ ಕಟ್ಟಿಕೊಂಡು ಟೆರೇಸು ಹತ್ತಿದ.

ಡಿಜಿಟಲ್‌ನಲ್ಲಿ ಚುಕ್ಕಿ ಇಲ್ಲ ಅವ್ವಾ. ಚಿತ್ರ ಬಂದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು ಪರದೆ. ತಿರುಗಿಸಿದ ಮೇಲೂ ಕೊಂಚ ತಡೆದು ಬರುತ್ತದೆ. ಅಪ್ಪನದು ನಿಮ್ಮಿಬ್ಬರ ಹಳೇ ರೂಢಿ, ಕೈ ನಿಲ್ಲುವುದೇ ಇಲ್ಲ. ನಾನು "ಬಂತಪ್ಪಾ" ಅನ್ನುವಷ್ಟರಲ್ಲಿ ಆಂಟೆನಾ ಆ ದಿಕ್ಕು ದಾಟಿರುತ್ತಿತ್ತು. "ಬಂತಂತಿ, ಹೋತಂತಿ. ನಿಮ್ಮವ್ವ ಹಿಂಗ ಆಟ ಆಡಿಸ್ತಿದ್ದಿಲ್ಲ," ಎಂದು ಮೇಲಿನಿಂದ ರೇಗಿದ. "ತಿರುಗ್ಸಿ ಸ್ವಲ್ಪ ಹೊತ್ತು ಅಲ್ಲಾಡ್ದೆ ನಿಂತ್ಕೋಬೇಕಪ್ಪಾ," ಎಂದೆ. ಅವನು ಪೈಪು ಎತ್ತಿಕೊಂಡು ಅಂಚಿಗೆ ಸರಿದದ್ದು ನನಗೆ ಕಾಣಲಿಲ್ಲ. ಚಿತ್ರ ಬಂತು, ಈ ಸಲ ಹೋಗದೆ ನಿಂತಿತು. ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಟೆರೇಸಿನ ಪಕ್ಕದಲ್ಲೇ ಕರೆಂಟಿನ ತಂತಿ ಹಾದುಹೋಗಿರುವುದು ನೆನಪಾದದ್ದು ಆಗ.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಅಪ್ಪ ಅಂಚಿನಲ್ಲಿ ನಿಂತಿದ್ದ. ಪೈಪಿನ ತುದಿ ತಂತಿಯ ಕಡೆ ವಾಲಿತ್ತು, ನಡುವೆ ಒಂದು ಮೊಳವೂ… ಅಲುಗಿದರೆ ತಾಗೀತೆಂದು ಅವನು ಪೈಪನ್ನು ಹಾಗೇ ಬಿಗಿಹಿಡಿದು ನಿಂತಿದ್ದ. ಹಿಡಿಯಲು ಮುಂದೆ ಹೋದೆ. "ಮುಟ್ಟಬ್ಯಾಡ. ಅಲ್ಲೇ ನಿಂದರು," ಎಂದ, ತುಟಿ ಮಾತ್ರ ಅಲುಗಿಸಿ. ಭಯವೆಂಬುದು ಆಳುವವರ ಅಸ್ತ್ರ ಎಂದು ಎಷ್ಟು ಕಡೆ ಓದಿದ್ದೆ. ಇದು ಯಾರ ಅಸ್ತ್ರ ಅವ್ವಾ? ನಿಂತಲ್ಲಿಂದಲೇ ಹೇಳಿದೆ, "ಮೇಲೆ ನೋಡ್ಬೇಡಪ್ಪಾ, ನನ್ನ ನೋಡು. ನಾನಿರೋ ಕಡೆ ವಾಲಿಸು. ಮೆಲ್ಲಗೆ. ಹಾಂ, ಇನ್ನೂ…" ತುದಿ ತಂತಿಯಿಂದ ದೂರವಾಗಿ ಪೈಪು ನೆಲಕ್ಕೆ ಬಿದ್ದಾಗ ಇಬ್ಬರೂ ಕುಸಿದು ಕುಳಿತೆವು.

ನಿನ್ನೆ ಆಂಟೆನಾವನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಚಿತ್ರ ಬರುತ್ತದೆ, ಯಲಹಂಕದ ಕಡೆಯಿಂದ ವಿಮಾನ ಹಾದಾಗ ಒಡೆಯುತ್ತದೆ. ತಂತಿ ಸರಿಸಿರೆಂದು ಕೇಳಲು ಬೀದಿಯವರನ್ನೆಲ್ಲ ಕರೆದುಕೊಂಡು ವಿದ್ಯುತ್ ಕಚೇರಿಗೆ ಹೋಗುತ್ತೇನೆ, ಸರಿಸುವವರೆಗೂ ಹೋಗುತ್ತಲೇ ಇರುತ್ತೇನೆ. ಆದರೆ ಅಪ್ಪ ಬೆಳಗ್ಗೆಯೇ ಶುರುಮಾಡಿದ್ದಾನೆ. "ಮ್ಯಾಲ ಕಟ್ಟಿದ್ರ ಇನ್ನೊಂದೆರಡು ಚಾನೆಲ್ ಬರ್ತಾವವಾ." ಟೆರೇಸಿನ ಬಾಗಿಲಿಗೆ ಬೀಗ ಹಾಕಿದ್ದೇನೆ. ಕೀಲಿ ಎಲ್ಲಿದೆ ಎಂದು ನಿನಗೂ ಹೇಳುವುದಿಲ್ಲ. ಅವನು ಕೇಳಿದ್ದಕ್ಕೆ ನೀನು ಯಾವತ್ತಾದರೂ ಇಲ್ಲ ಅಂದಿದ್ದೀಯಾ?