ಬೆಳಗು ಬಿಟ್ಟು ಬುಕ್ ಮಾಡಿದ ಪ್ರವಾಸ

ಬೇಕರಿಯ ಹಿಂದಿನ ಕೋಣೆ,
ಮೈದಾ ಮೂಟೆಗಳ ಪಕ್ಕ,
ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಕಾಗದದಲ್ಲಾದರೂ ನಿನ್ನನ್ನು ಹೆಸರು ಹಿಡಿದು ಕರೆಯೋಣ ಎಂದುಕೊಂಡು ಕುಳಿತೆ. ಮದುವೆಯಾದಾಗಿನಿಂದ ‘ಇವಳೇ’ ಎಂದು ಕೂಗಿ ಕೂಗಿ ಬಾಯಿಗಷ್ಟೇ ಅಲ್ಲ, ಕೈಗೂ ಅದೇ ರೂಢಿಯಾಗಿದೆ. ಇರಲಿ ಬಿಡು. ನಿನ್ನ ಮಂಡಿನೋವು ಹೇಗಿದೆ? ನಿನ್ನ ಅಕ್ಕನ ಮನೆಯ ಮೆಟ್ಟಿಲುಗಳು ಕಡಿದಾಗಿವೆ, ಹತ್ತುವಾಗ ಕಂಬಿ ಹಿಡಿದುಕೋ. ಷಡ್ಡಕರ ಕೆಮ್ಮು ಇಳಿಯಿತೇ? ಅವರಿಗೆಂದು ಸಕ್ಕರೆ ಹಾಕದ ರಸ್ಕನ್ನು ಬೇರೆ ಪೊಟ್ಟಣ ಕಟ್ಟಿ ಕಳಿಸಿದ್ದೇನೆ, ಮಿಕ್ಕವರು ಕೈ ಹಾಕದಂತೆ ನೋಡಿಕೋ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಒಂದು ದಿನ ಅಡುಗೆ ಬೇಯುವುದಿಲ್ಲ, ಇನ್ನೊಂದು ದಿನ ತಳ ಹಿಡಿಯುತ್ತದೆ. ಊರಿಗೆಲ್ಲ ಬ್ರೆಡ್ ಬೇಯಿಸಿ ಕೊಡುವವನಿಗೆ ತನ್ನೊಬ್ಬನ ಊಟ ಬೇಯಿಸಿಕೊಳ್ಳಲು ಬರುವುದಿಲ್ಲ ಎಂದು ಗೊತ್ತಾದರೆ ಗಿರಾಕಿಗಳು ನಗುತ್ತಾರೆ. ಯಾರಿಗೂ ಹೇಳಬೇಡ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದ್ದೆನಲ್ಲ. ‘ಊಟ ಆಯ್ತಾ’, ‘ಆಯ್ತು, ನಿಮ್ದು’, ‘ಆಯ್ತು’. ಅಲ್ಲಿಗೆ ನಮ್ಮ ಮಾತಿನ ಗಾಡಿ ಕೆಟ್ಟು ನಿಲ್ಲುತ್ತದೆ, ಇಬ್ಬರೂ ಫೋನು ಹಿಡಿದುಕೊಂಡು ಮತ್ತೊಬ್ಬರು ಇಡಲಿ ಎಂದು ಕಾಯುತ್ತೇವೆ. ಅದಕ್ಕೇ ಈ ಕಾಗದ. ನಮ್ಮ ವ್ಯಾನಿನ ಡ್ರೈವರ್ ಹಾರ್ನ್ ಇದ್ದಾನಲ್ಲ, ಬ್ರೇಕಿಗಿಂತ ಹಾರ್ನನ್ನೇ ಹೆಚ್ಚು ನಂಬಿ ಗಾಡಿ ಓಡಿಸುವ ಮಹಾಶಯ, ಅವನು ಸಂಜೆ ನಿಮ್ಮ ಕಡೆಯ ಅಂಗಡಿಗಳಿಗೆ ಬನ್ ಹಾಕಲು ಬರುತ್ತಾನೆ. ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ನೀನು ಹೊರಟುಹೋದ ಮೇಲೆ ನಾನು ಆ ಪ್ರವಾಸದ ವಿಷಯವನ್ನು ಮೊದಲಿನಿಂದ ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಒಲೆಯ ನೆಲದ ಇಟ್ಟಿಗೆ ಸವೆದು ಗುಂಡಿ ಬಿದ್ದಿದೆ, ಬದಲಿಸದಿದ್ದರೆ ಬ್ರೆಡ್ಡಿನ ತಳ ಸೀಯುತ್ತಲೇ ಇರುತ್ತದೆ, ವಾರವಿಡೀ ಒಲೆ ಆರಿಸಿ ತಣ್ಣಗೆ ಬಿಡಬೇಕು ಎಂದು ಮೇಸ್ತ್ರಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. ಈ ಒಲೆ ಪೂರ್ತಿ ತಣ್ಣಗಾದದ್ದನ್ನು ನಾನು ಕಂಡವನಲ್ಲ. ಒಮ್ಮೆ ಆರಿದರೆ ಮತ್ತೆ ಹದಕ್ಕೆ ಬರುವಷ್ಟರಲ್ಲಿ ಗಿರಾಕಿಗಳು ಬೇರೆ ಅಂಗಡಿ ಹಿಡಿಯುತ್ತಾರೆ ಎಂಬ ಭಯದಲ್ಲೇ ಬದುಕು ಕಳೆದಿದ್ದೇನೆ. ನೀನು ಮಾತ್ರ ಪಾತ್ರೆ ಒರೆಸುತ್ತಾ, “ಒಲೆಗೇ ರಜೆ ಸಿಗತ್ತೆ ಅಂದ್ಮೇಲೆ ಒಲೆ ಮುಂದೆ ನಿಂತೋರಿಗೂ ಸಿಗಲಿ ಬಿಡಿ” ಎಂದೆ. ಹಾಗೆ ನಾವಿಬ್ಬರೂ ಬೀದಿಯ ತುದಿಯ ಟ್ರಾವೆಲ್ ಏಜೆಂಟನ ಅಂಗಡಿಗೆ ಹೋದದ್ದು. ಆತ ದೂರದೇಶದ ಒಂದು ಗುಡ್ಡಗಾಡಿನ ಚಿತ್ರಗಳನ್ನು ತೋರಿಸಿದ. ಬಂಡೆಯನ್ನೇ ಕೊರೆದು ಮಾಡಿದ ಹೋಟೆಲು, ಅದರೊಳಗೆ ಗುಹೆಯಂಥ ಕೋಣೆ, ಕಲ್ಲಿನಲ್ಲೇ ಕಡೆದ ಮಂಚ. ಇನ್ನೊಂದು ಚಿತ್ರದಲ್ಲಿ ಆ ಗುಡ್ಡಗಳ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಆಕಾಶದ ತುಂಬ ಬಿಸಿಗಾಳಿಯ ಬಲೂನುಗಳು.

ನನ್ನ ಕಣ್ಣು ಕೋಣೆಯ ಮೇಲೆ ಬಿತ್ತು. ಕಿಟಕಿಯಿಲ್ಲ, ತಂಪು, ಕತ್ತಲೆ, ದಪ್ಪ ಕಂಬಳಿ. ಬೆಂಕಿಯ ಮುಂದೆ ಬೆಂದವನಿಗೆ ಇನ್ನೇನು ಬೇಕು? “ಇವಳೇ, ಇಲ್ಲಿ ಮಧ್ಯಾಹ್ನದವರೆಗೂ ಬಿದ್ಕೊಂಡಿರಬಹುದು ನೋಡು” ಎಂದೆ. ನೀನು ಮತ್ತೊಂದು ಚಿತ್ರವನ್ನು ಬೆರಳಿನಿಂದ ನನ್ನ ಕಡೆಗೆ ಸರಿಸಿ, “ಬಲೂನೂ ಇದೆಯಂತೆ” ಎಂದೆ. ಅಷ್ಟೇ. ಚಪ್ಪಲಿ ಅಂಗಡಿಯಲ್ಲಿ ನೀನು ‘ಇದೂ ಇದೆ’ ಎಂದರೆ ಅದೇ ಬೇಕು ಎಂದರ್ಥ ಎಂದು ನನಗೆ ಗೊತ್ತು. ಪಾತ್ರೆ ಅಂಗಡಿಯಲ್ಲೂ ಗೊತ್ತು. ಬೇಕು ಎಂಬ ಪದ ನಿನ್ನ ಬಾಯಿಂದ ನನ್ನ ಮಾತ್ರೆಯ ವಿಷಯದಲ್ಲಿ ಬಿಟ್ಟರೆ ಬಂದದ್ದಿಲ್ಲ. ಇಷ್ಟು ಗೊತ್ತಿದ್ದವನಿಗೆ ಬಲೂನಿನ ವಿಷಯದಲ್ಲಿ ಅದು ಗೊತ್ತಾಗಲಿಲ್ಲ.

ಮಾರನೆಯ ದಿನ ಏಜೆಂಟ್ ಫೋನ್ ಮಾಡಿ, ಬಲೂನು ಹಾರುವುದು ಸೂರ್ಯ ಹುಟ್ಟುವ ಮುಂಚೆ, ಇನ್ನೂ ಕತ್ತಲಿರುವಾಗಲೇ ಹೋಟೆಲಿನ ಬಾಗಿಲಿಗೆ ಗಾಡಿ ಬರುತ್ತದೆ, ಆಗಬಹುದಾ ಎಂದು ಕೇಳಿದ. ರಜೆಯಲ್ಲೂ ಕತ್ತಲಲ್ಲಿ ಏಳುವುದೇ? ಹಿಂದೆಮುಂದೆ ನೋಡದೆ ಬಲೂನು ತೆಗೆದುಹಾಕಿ, ಕೋಣೆಗೆ ಇನ್ನೊಂದು ದಿನ ಸೇರಿಸಿ ಎಂದುಬಿಟ್ಟೆ. ಸಂಜೆ ಮನೆಗೆ ಬಂದು ಏನೋ ಘನಕಾರ್ಯ ಮಾಡಿದವನ ಹಾಗೆ ನಿನಗೆ ಹೇಳಿದೆ. “ಬಲೂನ್ ಕ್ಯಾನ್ಸಲ್ ಮಾಡಿಸ್ದೆ. ಅಲ್ಲೂ ತಲೆ ಮೇಲೆ ಬೆಂಕಿ ಉರಿಸ್ತಾರಂತೆ, ನನಗೆ ಇಲ್ಲಿರೋ ಬೆಂಕಿ ಸಾಲದಾ? ಆರಾಮಾಗಿ ಮಲಗೋಣ.” ನೀನು ಹಾಸಿಗೆಯ ಬಟ್ಟೆ ಮಡಚುತ್ತಿದ್ದೆ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದೆ. “ನಿಮಗೆ ನಿದ್ದೆ ಬೇಕಲ್ಲ, ಮಾಡಿ” ಎಂದೆ. ಮರುದಿನ ನೀನು ಅಕ್ಕನಿಗೆ ಹುಷಾರಿಲ್ಲ ಎಂದು ಬ್ಯಾಗು ತುಂಬಿಕೊಂಡೆ. ನಿನ್ನ ಅಕ್ಕನಿಗೆ ಹುಷಾರಿಲ್ಲ ಎಂದರೆ ಡಾಕ್ಟರೇ ನಂಬುವುದಿಲ್ಲ. ಆದರೂ ನಾನು ನಂಬಿದವನಂತೆ ಬಸ್ಸು ಹತ್ತಿಸಿ ಬಂದೆ. ಆಮೇಲೆ ಕೋಪವೂ ಬಂತು, ಸುಳ್ಳೇಕೆ ಹೇಳಲಿ? ಒಂದು ಬಲೂನಿಗೆ ಇಷ್ಟು ದೊಡ್ಡ ರಾದ್ಧಾಂತವೇ ಎಂದುಕೊಂಡು ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ನಾದಿದೆ. ಅಂದಿನ ಬ್ರೆಡ್ಡು ಚಪ್ಪಡಿಯ ಹಾಗೆ ಗಟ್ಟಿಯಾಗಿ, ಗಿರಾಕಿಗಳ ಕೈಲೂ ಬೈಸಿಕೊಂಡೆ.

ನಿನ್ನೆ ಏಜೆಂಟ್ ಎಂದಿನಂತೆ ಬನ್ ಕೊಳ್ಳಲು ಬಂದ. “ಅಮ್ಮನೋರಿಗೆ ತುಂಬಾ ಬೇಜಾರಾಗಿರ್ಬೇಕು ಅಲ್ವಾ?” ಎಂದು ಕೇಳಿದ. ಯಾಕೆ ಎಂದೆ. ಆಗ ಗೊತ್ತಾಯಿತು. ನಾವಿಬ್ಬರೂ ಹೋಗುವ ಮೊದಲೇ ನೀನೊಬ್ಬಳೇ ಅವನಲ್ಲಿಗೆ ಹೋಗಿದ್ದೆಯಂತೆ. ಬಲೂನಿನ ಬುಟ್ಟಿಯಲ್ಲಿ ಯಾವ ಬದಿಗೆ ನಿಂತರೆ ಸೂರ್ಯ ಕಾಣುತ್ತಾನೆ, ಬುಟ್ಟಿ ಹತ್ತಲು ಮಂಡಿ ಮಡಿಸಬೇಕಾ, ಗಂಡ ಹೆಂಡತಿಯನ್ನು ಒಟ್ಟಿಗೇ ನಿಲ್ಲಿಸುತ್ತಾರೋ ತೂಕ ನೋಡಿ ಬೇರೆ ಬೇರೆ ಮೂಲೆಗೆ ಹಾಕುತ್ತಾರೋ ಎಂದೆಲ್ಲ ವಿಚಾರಿಸಿದೆಯಂತೆ. ಈ ವಯಸ್ಸಿನಲ್ಲಿ ಸೂರ್ಯನ ಮೇಲೆ ಇಷ್ಟೇನಮ್ಮ ಆಸೆ ಎಂದು ಅವನು ತಮಾಷೆ ಮಾಡಿದ್ದಕ್ಕೆ ನೀನು ಹೇಳಿದ್ದನ್ನು ಆತ ಹಾಗೇ ಒಪ್ಪಿಸಿದ. “ಸೂರ್ಯನ್ನ ದಿನಾ ನೋಡ್ತೀನಪ್ಪ. ಇವರ ಜೊತೆ ಒಂದಿನಾನೂ ನೋಡಿಲ್ಲ.”

ಅವನು ಹೋದ ಮೇಲೂ ನಾನು ಚಿಲ್ಲರೆ ಹಿಡಿದುಕೊಂಡು ನಿಂತೇ ಇದ್ದೆ. ಒಳಗೆ ಒಂದು ತಟ್ಟೆ ಬನ್ ಕರಕಲಾಯಿತು. ಇವಳೇ, ನಿಜವನ್ನೇ ಹೇಳಿದ್ದೀಯ. ದಿನವೂ ನೀನು ಎದ್ದಾಗ ನನ್ನ ಪಕ್ಕ ಖಾಲಿ. ಸಂಜೆ ನೀನು ಮಾತಾಡಲು ಬಂದು ಕೂರುವ ಹೊತ್ತಿಗೆ ನನ್ನ ತಲೆ ತೂಗುತ್ತಿರುತ್ತದೆ. ಹೊತ್ತಿಗೆ ಮುಂಚೆ ಏಳುವ ಗಂಡ ಎಂದು ಊರೆಲ್ಲ ಹೊಗಳುತ್ತದೆ, ಆದರೆ ಹೊತ್ತು ಹುಟ್ಟುವುದನ್ನು ನಾನೇ ನೋಡಿಲ್ಲ. ಈ ಬೇಕರಿಗೆ ಇರುವುದು ಮಸಿ ಹಿಡಿದ ಒಂದು ಗವಾಕ್ಷಿ. ನಾನು ಹೊರಗೆ ಬರುವಾಗ ಬಿಸಿಲು ಬೀದಿಯಲ್ಲಿ ಬಿದ್ದುಕೊಂಡಿರುತ್ತದೆ. ಇಷ್ಟು ದಿನ ಒಂದು ಗುಹೆಯಲ್ಲಿದ್ದವನು ರಜೆ ಎಂದು ಇನ್ನೊಂದು ಗುಹೆಯನ್ನು ಆರಿಸಿ, ನಿನ್ನನ್ನೂ ಅದರೊಳಗೆ ಕರೆದೊಯ್ಯಲು ಹೊರಟಿದ್ದೆ.

ಇನ್ನೊಂದು ವಿಷಯವೂ ಈಗ ನೆನಪಾಗುತ್ತದೆ. ನಾವಿಬ್ಬರೂ ಏಜೆಂಟನಲ್ಲಿಗೆ ಹೋಗುವ ಮುಂಚಿನ ದಿನಗಳಲ್ಲಿ ನೀನು ನಸುಕಿನಲ್ಲೇ ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ಬೇಕರಿಗೆ ಬರುತ್ತಿದ್ದೆಯಲ್ಲ? ಕೇಳಿದರೆ, “ನಿದ್ದೆ ಬರ್ಲಿಲ್ಲ” ಎನ್ನುತ್ತಿದ್ದೆ. ನಾನು ಡಾಕ್ಟರ ಹತ್ತಿರ ಹೋಗು, ಮಾತ್ರೆ ಬರೆಸಿಕೋ ಎಂದು ಬುದ್ಧಿ ಹೇಳಿದೆ. ಬಲೂನಿಗೆಂದು ಬೇಗ ಏಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೀಯ ಎಂದು ಮೈದಾ ತುಂಬಿದ ಈ ತಲೆಗೆ ಹೊಳೆಯಲೇ ಇಲ್ಲ. ಒಂದು ದಿನ ನೀನು ಬಾಗಿಲಲ್ಲಿ ನಿಂತು, “ಒಂದ್ನಿಮಿಷ ಹೊರಗೆ ಬನ್ರೀ, ಆಕಾಶ ನೋಡಿ” ಎಂದೆ. “ಬ್ರೆಡ್ ಸೀದುಹೋಗತ್ತೆ, ನೀನು ಹೋಗಿ ಮಲಕ್ಕೋ” ಎಂದೆ ನಾನು. ನೀನು ಫ್ಲಾಸ್ಕನ್ನು ಮೂಟೆಯ ಮೇಲಿಟ್ಟು ಹೋದೆ. ಅದು ಈಗಲೂ ಇಲ್ಲೇ ಇದೆ, ನಿನ್ನ ಹಾಗೆ ತೊಳೆಯಲು ನನಗೆ ಬಂದಿಲ್ಲ.

ನಿನ್ನೆಯೇ ಏಜೆಂಟನ ಅಂಗಡಿಗೆ ಓಡಿದೆ. ಬಲೂನು ಮತ್ತೆ ಸೇರಿಸಿ ಎಂದೆ. ಆ ವಾರವೆಲ್ಲ ಭರ್ತಿಯಾಗಿದೆಯಂತೆ. ವಾರ ಬದಲಿಸೋಣ ಎಂದರೆ ಮೇಸ್ತ್ರಿ ಆಮೇಲೆ ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದಾನೆ. ಹುಡುಕಿ ಹುಡುಕಿ ಏಜೆಂಟನಿಗೆ ಸಿಕ್ಕಿದ್ದು ಒಂದೇ ಒಂದು ಸೀಟು. “ಅಮ್ಮನೋರನ್ನ ಹತ್ತಿಸಿ, ನೀವು ಕೆಳಗೆ ನಿಂತು ಕೈ ಬೀಸಿ ಸಾರ್” ಎಂದ. ಹೂಂ ಎನ್ನಲು ಬಾಯಿ ತೆರೆದೆ. ಅಲ್ಲೂ ನೀನೊಬ್ಬಳೇ ಬೆಳಗು ನೋಡಬೇಕಲ್ಲ ಎನಿಸಿ ಬೇಡವೆಂದೆ. ನೋಡು, ಅದನ್ನೂ ನಿನ್ನನ್ನು ಕೇಳದೆಯೇ ತೀರ್ಮಾನಿಸಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ, ಒಲೆಯ ಮುಂದೆ ಇಷ್ಟು ಸುಟ್ಟುಕೊಂಡರೂ ನನ್ನದು ಹೋಗಿಲ್ಲ. ಈಗ ನಮಗಿರುವುದು ಬೆಳಗಿಲ್ಲದ ಪ್ರವಾಸ. ನಿನಗೆ ಅದೂ ಬೇಡವಾದರೆ ಹೇಳು, ಬಿಟ್ಟುಬಿಡೋಣ. ನನಗೆ ಬಹಳ ನೋವಾಗಿದೆ. ನೀನು ಕೇಳಿದ್ದು ತೀರ ಸಣ್ಣದು, ಅದನ್ನೇ ನಾನು ಕಿತ್ತು ಹಾಕಿದೆ.

ಅಕ್ಕನಿಗೂ ಷಡ್ಡಕರಿಗೂ ನನ್ನ ನಮಸ್ಕಾರ ತಿಳಿಸು. ಅಕ್ಕನ ಇಲ್ಲದ ಕಾಯಿಲೆ ಬೇಗ ವಾಸಿಯಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ,
‘ರೀ’

ತಾ.ಕ.: ಹಾರ್ನ್ ಆಗಲೇ ಬೀದಿ ಕಿತ್ತುಹೋಗುವ ಹಾಗೆ ಬಾರಿಸುತ್ತಿದ್ದಾನೆ, ಮುಖ್ಯವಾದದ್ದೇ ಬರೆಯಲಿಲ್ಲ. ಶನಿವಾರ ಒಲೆ ಆರಿಸುತ್ತೇನೆ. ಮೇಸ್ತ್ರಿಗಾಗಿ ಅಲ್ಲ, ಅವನು ಬರಲು ಇನ್ನೂ ದಿನವಿದೆ. ಭಾನುವಾರ ರಜೆ ಎಂದು ಬಾಗಿಲಿಗೆ ಬೋರ್ಡ್ ಹಾಕಿಯೂ ಆಯಿತು, ಮನೆಯಲ್ಲಿ ಯಾರು ಹೋದರು ಎಂದು ಗಿರಾಕಿಗಳು ಕೇಳುತ್ತಿದ್ದಾರೆ. ಅಂದೇ ಸಂಜೆಯ ಬಸ್ಸಿಗೆ ಅಲ್ಲಿಗೆ ಬರುತ್ತೇನೆ. ನಾನು ಬರುವುದು ನಿನಗೆ ಬೇಡವೆನಿಸಿದರೆ ಹಾರ್ನ್ ಕೈಲಿ ಹೇಳಿ ಕಳಿಸು, ಒಲೆ ಹೇಗೂ ಆರಿರುತ್ತದೆ. ಅಕ್ಕನ ಮನೆಯ ತಾರಸಿಯಲ್ಲಿ ಸೂರ್ಯ ಯಾವ ಕಡೆಯಿಂದ ಬರುತ್ತಾನೋ ನನಗೆ ಗೊತ್ತಿಲ್ಲ, ನೀನು ನೋಡಿಟ್ಟಿರು. ಭಾನುವಾರವೂ ನನಗೆ ಎಂದಿನ ಹೊತ್ತಿಗೇ ಎಚ್ಚರವಾಗುತ್ತದೆ, ಅದನ್ನು ತಪ್ಪಿಸಲಾರೆ. ಆದರೆ ಎದ್ದು ಹೋಗುವುದಿಲ್ಲ. ನೀನು ಏಳುವವರೆಗೆ ಪಕ್ಕದಲ್ಲೇ ಕೂತಿರುತ್ತೇನೆ.